ಪ್ರಾರ್ಥನೆಗೆ ಕೂರಿಸುವ ಪುಸ್ತಕಗಳು

ನಂಬಿಕೆಯಲ್ಲಿ ಬೆಳೆಯೋಕೆ ಯಾವ ಪುಸ್ತಕ ಓದಲಿ ಅಂತ ಯಾರಾದರೂ ಕೇಳಿದರೆ ನಾನು ಉದ್ದದ ಪಟ್ಟಿ ಕೊಡುವುದಿಲ್ಲ. ಕೆಲವೇ ಹೆಸರು ಹೇಳುತ್ತೇನೆ. ಒಂದು ಪುಸ್ತಕ ಒಳ್ಳೆಯದಾ ಅಂತ ನೋಡೋಕೆ ನನ್ನ ಹತ್ತಿರ ಇರುವ ಅಳತೆ ಇಷ್ಟೇ: ಓದಿ ಮುಚ್ಚಿದ ಮೇಲೆ ಪ್ರಾರ್ಥನೆಗೆ ಕೂರಬೇಕು ಅನ್ನಿಸಿತಾ? ಮಾತು ಬಿಟ್ಟವರ ಹತ್ತಿರ ಹೋಗಿ ಮಾತಾಡಬೇಕು ಅನ್ನಿಸಿತಾ? ಸತ್ಯವೇದವನ್ನು, ಅಂದರೆ ಬೈಬಲನ್ನು, ಮತ್ತೆ ತೆರೆಯುವ ಆಸೆ ಬಂತಾ? ಇದು ಯಾವುದೂ ಆಗದೆ, ಬರೀ ಇನ್ನೊಂದು ಪುಸ್ತಕ ಕೊಳ್ಳಬೇಕು ಅನ್ನಿಸಿದರೆ ಆ ಪುಸ್ತಕ ನನ್ನ ಪಟ್ಟಿಯಲ್ಲಿ ಇರುವುದಿಲ್ಲ.

ಇದನ್ನು ನನಗೆ ಕಲಿಸಿದವರು 16ನೇ ಶತಮಾನದ ಸ್ಪೇನಿನ ಸನ್ಯಾಸಿ ಜಾನ್ ಆಫ್ ದಿ ಕ್ರಾಸ್. ಅವರ 'ಡಾರ್ಕ್ ನೈಟ್ ಆಫ್ ದಿ ಸೋಲ್' ಅಂದರೆ ಏನೋ ದೊಡ್ಡ ದೊಡ್ಡ ಅನುಭವಗಳ ಪುಸ್ತಕ ಅಂತ ಜನ ಹೆದರುತ್ತಾರೆ. ಆದರೆ ಶುರುವಿನ ಪುಟಗಳು ತುಂಬಾ ನೇರವಾಗಿವೆ. ಭಕ್ತಿಯ ದಾರಿಗೆ ಹೊಸದಾಗಿ ಬಂದವರಲ್ಲಿ ಯಾವ್ಯಾವ ದೋಷ ಇರುತ್ತದೆ ಅಂತ ಒಂದೊಂದಾಗಿ ಎತ್ತಿ ತೋರಿಸುತ್ತಾರೆ. ಗರ್ವ, ಕೋಪ, ಹೊಟ್ಟೆಕಿಚ್ಚು, ಸೋಮಾರಿತನ, ಅವುಗಳ ಜೊತೆ ದುರಾಸೆ. ಹಣದ ದುರಾಸೆ ಬಗ್ಗೆ ಅವರು ಇಲ್ಲಿ ಹೇಳುತ್ತಿಲ್ಲ. ಉಪದೇಶ ಎಷ್ಟು ಕೇಳಿದರೂ ತೃಪ್ತಿ ಇಲ್ಲ, ಭಕ್ತಿ ಪುಸ್ತಕಗಳನ್ನು ಎಷ್ಟು ಕೂಡಿಟ್ಟು ಓದಿದರೂ ಸಾಲುವುದಿಲ್ಲ, ಮನಸ್ಸನ್ನು ಬಡವಾಗಿಸಿಕೊಳ್ಳುವ ಕೆಲಸಕ್ಕೆ ಮಾತ್ರ ಪುರುಸೊತ್ತಿಲ್ಲ ಅನ್ನುವ ದುರಾಸೆ. ಈ ಪುಟಗಳನ್ನು ಓದದೆ ಯಾರೂ ಆಧ್ಯಾತ್ಮಿಕ ಪುಸ್ತಕಗಳ ರಾಶಿ ಹಾಕಿಕೊಳ್ಳಬಾರದು ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನಾನು ಯಾವಾಗಲೂ ಹೇಳುವುದು ಬ್ರದರ್ ಲಾರೆನ್ಸ್ ಹೆಸರನ್ನೇ. 'ದಿ ಪ್ರಾಕ್ಟೀಸ್ ಆಫ್ ದಿ ಪ್ರೆಸೆನ್ಸ್ ಆಫ್ ಗಾಡ್' ತುಂಬಾ ಚಿಕ್ಕ ಪುಸ್ತಕ, ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದು. ಮುಗಿಸಬೇಡಿ. ಲಾರೆನ್ಸ್ ಇದನ್ನು ಪುಸ್ತಕ ಅಂತ ಬರೆದವರೇ ಅಲ್ಲ. ಅವರು ಮೊದಲು ಸೈನಿಕರಾಗಿದ್ದರು, ಗಾಯಗೊಂಡು ಸೈನ್ಯ ಬಿಟ್ಟು, ಆಮೇಲೆ ಪ್ಯಾರಿಸ್ಸಿನ ಕಾರ್ಮೆಲೈಟ್ ಮಠಕ್ಕೆ ಸೇರಿದರು. ಅಲ್ಲಿ ಸಿಕ್ಕಿದ್ದು ಅಡುಗೆಮನೆ ಕೆಲಸ. ಅದು ಅವರಿಗೆ ಸ್ವಭಾವತಃ ಇಷ್ಟವೇ ಇರಲಿಲ್ಲ. ಆದರೂ ವರ್ಷಗಟ್ಟಲೆ ಮಾಡಿದರು, ವಯಸ್ಸಾದ ಮೇಲೆ ಚಪ್ಪಲಿ ರಿಪೇರಿ ಮಾಡಿದರು. 1691ರಲ್ಲಿ ತೀರಿಕೊಂಡ ಮೇಲೆ ಒಬ್ಬ ಪಾದ್ರಿ ಅವರ ಜೊತೆ ಆಡಿದ್ದ ಮಾತುಗಳನ್ನೂ ಅವರು ಬರೆದಿದ್ದ ಪತ್ರಗಳನ್ನೂ ಒಟ್ಟು ಮಾಡಿ ಅಚ್ಚು ಹಾಕಿಸಿದರು.

ಅವರು ಹೇಳುವುದು ಇಷ್ಟು. ದೇವರು ಇಲ್ಲೇ ಇದ್ದಾನೆ ಅನ್ನುವುದನ್ನು ದಿನವಿಡೀ ನೆನಪಿಸಿಕೊಳ್ಳಬೇಕು, ಕೆಲಸ ಮಾಡುತ್ತಲೇ ಅವನ ಜೊತೆ ಮಾತಾಡಬೇಕು. ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದನ್ನೂ ದೇವರ ಮೇಲಿನ ಪ್ರೀತಿಗಾಗಿ ಮಾಡುತ್ತೇನೆ ಅನ್ನುತ್ತಾರೆ. ಪಾತ್ರೆಗಳ ಸದ್ದು, ಒಂದೇ ಹೊತ್ತಿಗೆ ನಾಲ್ಕು ಜನ ನಾಲ್ಕು ಕೆಲಸಕ್ಕೆ ಕೂಗುವ ಗಲಾಟೆ, ಅದರ ಮಧ್ಯೆಯೂ ಮಂಡಿಯೂರಿ ಕೂತಾಗ ಇರುವಷ್ಟೇ ಸಮಾಧಾನ ತಮಗೆ ಇರುತ್ತದೆ ಅಂತ ಹೇಳುತ್ತಾರೆ. ಇದನ್ನು ಓದಿ ಎಷ್ಟು ಸುಲಭ ಅಂದುಕೊಳ್ಳುವವರಿಗೆ ಅವರ ಪತ್ರಗಳಲ್ಲಿ ಉತ್ತರ ಇದೆ. ಈ ಅಭ್ಯಾಸ ಕೂಡಿಬರುವ ಮೊದಲು ವರ್ಷಗಳ ಕಾಲ ಕಷ್ಟಪಟ್ಟಿದ್ದನ್ನು ಅವರು ಮುಚ್ಚಿಡುವುದಿಲ್ಲ. ಮನಸ್ಸು ಎಲ್ಲೋ ಓಡಿಹೋದರೆ ಅದಕ್ಕಾಗಿ ಕೊರಗುತ್ತಾ ಕೂರಬೇಡಿ, ಮೆಲ್ಲಗೆ ವಾಪಸ್ ಕರೆದುಕೊಂಡು ಬನ್ನಿ, ಅಷ್ಟೇ ಸಾಕು ಅನ್ನುವ ಅವರ ಸಲಹೆ ನನಗೆ ಎಷ್ಟೋ ದೊಡ್ಡ ಗ್ರಂಥಗಳಿಗಿಂತ ಜಾಸ್ತಿ ಉಪಯೋಗಕ್ಕೆ ಬಂದಿದೆ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಕಂಪ್ಯೂಟರ್ ತೆರೆದುಕೊಳ್ಳುವ ಆ ಸ್ವಲ್ಪ ಹೊತ್ತಿನಲ್ಲಿ ಕೂಡ ನಾನು ಇದನ್ನು ಮಾಡುತ್ತೇನೆ. ದೊಡ್ಡ ಮಾತು ಏನೂ ಬೇಡ. 'ಕರ್ತನೇ, ನಾನು ನಿನ್ನ ಜೊತೆ ಇದ್ದೇನೆ' ಅಂದರೆ ಸಾಕು.

ಇದೇ ದಾರಿಯಲ್ಲಿ ಇನ್ನೊಂದು ಪುಸ್ತಕ, 'ದಿ ವೇ ಆಫ್ ಎ ಪಿಲ್ಗ್ರಿಮ್'. 19ನೇ ಶತಮಾನದ ರಷ್ಯದ್ದು, ಬರೆದವರ ಹೆಸರು ಇಲ್ಲ. 'ಎಡೆಬಿಡದೆ ಪ್ರಾರ್ಥನೆ ಮಾಡಿರಿ' ಅನ್ನುವ ವಚನ ಒಬ್ಬ ಬಡ ಯಾತ್ರಿಕನ ಕಿವಿಗೆ ಬೀಳುತ್ತದೆ. ಅದು ಹೇಗೆ ಸಾಧ್ಯ ಅಂತ ಕೇಳುತ್ತಾ ಒಣ ರೊಟ್ಟಿ ಮತ್ತು ಸತ್ಯವೇದ ಹೊತ್ತುಕೊಂಡು ಊರೂರು ಅಲೆಯುತ್ತಾನೆ. ಯೇಸುವಿನ ಹೆಸರು ಹೇಳಿ ಕರುಣೆ ಬೇಡುವ ಒಂದು ಪುಟ್ಟ ಪ್ರಾರ್ಥನೆಯನ್ನು ಅವನ ಗುರು ಕಲಿಸಿಕೊಡುತ್ತಾರೆ. ದಿನಕ್ಕೆ 3,000 ಸಲ, ಆಮೇಲೆ 6,000, ಆಮೇಲೆ 12,000. ಆ ಲೆಕ್ಕವನ್ನು ನಾವು ಹಿಡಿಯಬೇಕಿಲ್ಲ. ಆದರೆ ಒಂದು ವಚನವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡು ಹುಡುಕಿ ಹೊರಟವನ ಹಸಿವು ನಮಗೂ ಬರಲಿ ಅನ್ನಿಸುತ್ತದೆ.

ಈಗ ಅಭ್ಯಾಸ, ಶಿಸ್ತು ಅನ್ನುವ ವಿಷಯ. ಪ್ರಾರ್ಥನೆಗೆ ಸಮಯ, ಉಪವಾಸಕ್ಕೆ ದಿನ, ಮೌನಕ್ಕೆ ಒಂದು ಗಂಟೆ ಅಂತೆಲ್ಲ ಹೇಳಿದ ಕೂಡಲೇ ಕೆಲವರು 'ನಾವು ರಕ್ಷಣೆ ಹೊಂದಿರುವುದು ಕೃಪೆಯಿಂದ ಅಲ್ವಾ, ಇದೆಲ್ಲ ಯಾಕೆ' ಅನ್ನುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ನಾನು ಓದಿದ ಒಳ್ಳೆಯ ಉತ್ತರ ಡಾಲಸ್ ವಿಲರ್ಡ್ ಅವರದ್ದು. ಅವರು ಅಮೆರಿಕದಲ್ಲಿ ತತ್ವಶಾಸ್ತ್ರದ ಪ್ರೊಫೆಸರ್ ಆಗಿದ್ದವರು. ಕೃಪೆ ವಿರೋಧಿಸುವುದು ಸಂಪಾದನೆಯನ್ನು, ಪ್ರಯತ್ನವನ್ನಲ್ಲ ಅಂತ ಅವರು ಹೇಳುತ್ತಿದ್ದರು. ನಾನು ಉಪವಾಸ ಮಾಡಿದೆ, ಆದ್ದರಿಂದ ದೇವರು ನನಗೆ ಇಷ್ಟು ಕೊಡಬೇಕು ಅಂದರೆ ಅದು ಸಂಪಾದನೆಯ ಲೆಕ್ಕಾಚಾರ. ದೇವರು ಆಗಲೇ ಕೊಟ್ಟಿರುವುದನ್ನು ಪಡೆಯೋಕೆ ಕೈ ಖಾಲಿ ಮಾಡಿಕೊಳ್ಳುತ್ತೇನೆ ಅಂದರೆ ಅದು ಪ್ರಯತ್ನ.

1988ರಲ್ಲಿ ಬಂದ ಅವರ 'ದಿ ಸ್ಪಿರಿಟ್ ಆಫ್ ದಿ ಡಿಸಿಪ್ಲಿನ್ಸ್' ಪುಸ್ತಕದಲ್ಲಿ ಅಭ್ಯಾಸಗಳನ್ನು ಎರಡು ಗುಂಪು ಮಾಡುತ್ತಾರೆ. ಏಕಾಂತ, ಮೌನ, ಉಪವಾಸದಂಥವು ಬಿಡುವ ಅಭ್ಯಾಸಗಳು. ಅಧ್ಯಯನ, ಆರಾಧನೆ, ಸೇವೆ, ಪ್ರಾರ್ಥನೆಯಂಥವು ಹಿಡಿಯುವ ಅಭ್ಯಾಸಗಳು. ಬಿಡುವ ಗುಂಪಿನಲ್ಲಿ ಒಂದು ನನ್ನನ್ನು ಹಿಡಿದು ನಿಲ್ಲಿಸಿತು. ಗುಟ್ಟಾಗಿ ಇಡುವುದು! ಮಾಡಿದ ಒಳ್ಳೆಯದನ್ನು ಯಾರಿಗೂ ತಿಳಿಯದ ಹಾಗೆ ಇಟ್ಟುಕೊಳ್ಳುವ ಅಭ್ಯಾಸ. ಮತ್ತಾಯ 6ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದೂ ಇದನ್ನೇ, ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಅಂತ. ಸಹಾಯ ಮಾಡಿದರೆ ಫೋಟೋ, ಉಪವಾಸ ಇದ್ದರೆ ಸ್ಟೇಟಸ್, ಬೆಳಗ್ಗೆ ಎದ್ದು ಧ್ಯಾನ ಮಾಡಿದರೆ ಪಕ್ಕದಲ್ಲಿ ಕಾಫಿ ಲೋಟ ಇಟ್ಟು ಸತ್ಯವೇದದ ಫೋಟೋ ಹಾಕುವ ಈ ಕಾಲದಲ್ಲಿ ಇದಕ್ಕಿಂತ ಬೇಕಾದ ಅಭ್ಯಾಸ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಮಾಡಿ ನೋಡಿ. ಒಂದು ಒಳ್ಳೆಯ ಕೆಲಸ ಮಾಡಿ, ಯಾರಿಗೂ ಹೇಳದೆ ಇರಿ. ಯಾರಿಗಾದರೂ ಹೇಳಬೇಕು ಅಂತ ನಾಲಿಗೆ ತುದಿಗೆ ಬರುತ್ತದಲ್ಲ, ಆ ಹೊತ್ತಿನಲ್ಲಿ ನಾವು ಯಾರಿಗಾಗಿ ಬದುಕುತ್ತಿದ್ದೇವೆ ಅಂತ ಚೆನ್ನಾಗಿ ಕಾಣುತ್ತದೆ.

ವಿಲರ್ಡ್ ಅವರ ಬರವಣಿಗೆ ಸ್ವಲ್ಪ ಭಾರ. ವಾಕ್ಯ ವಾಕ್ಯಕ್ಕೂ ನಿಲ್ಲಬೇಕಾಗುತ್ತದೆ. ಅದು ಬೇಡ ಅನ್ನುವವರು ರಿಚರ್ಡ್ ಫಾಸ್ಟರ್ ಅವರ 'ಸೆಲೆಬ್ರೇಷನ್ ಆಫ್ ಡಿಸಿಪ್ಲಿನ್' ತೆಗೆದುಕೊಳ್ಳಬಹುದು. 1978ರ ಪುಸ್ತಕ. ಕ್ವೇಕರ್ ಪಂಥದ ಫಾಸ್ಟರ್ 12 ಅಭ್ಯಾಸಗಳ ಬಗ್ಗೆ ಬರೆಯುತ್ತಾರೆ. ಧ್ಯಾನ, ಪ್ರಾರ್ಥನೆಯಿಂದ ಶುರುವಾಗಿ ಕೊನೆಯ ಅಧ್ಯಾಯ ಸಂಭ್ರಮದ ಬಗ್ಗೆ ಇದೆ. ಶಿಸ್ತಿನ ಪುಸ್ತಕ ಸಂತೋಷದಲ್ಲಿ ಮುಗಿಯುವುದು ನನಗೆ ಬಹಳ ಇಷ್ಟ.

ಆದರೆ ಆ ಪುಸ್ತಕದಲ್ಲಿ ನಾನು ಮತ್ತೆ ಮತ್ತೆ ತೆರೆಯುವುದು ಉಪವಾಸದ ಅಧ್ಯಾಯ. ಯೇಸು 'ನೀವು ಉಪವಾಸ ಮಾಡಿದರೆ' ಅನ್ನಲಿಲ್ಲ, ಶಿಷ್ಯರು ಮಾಡೇ ಮಾಡುತ್ತಾರೆ ಅನ್ನುವ ಹಾಗೆ ಮಾತಾಡಿದನು ಅಂತ ಫಾಸ್ಟರ್ ಗಮನಕ್ಕೆ ತರುತ್ತಾರೆ. ಆಮೇಲೆ ಉಪವಾಸದಲ್ಲಿ ಏನಾಗುತ್ತದೆ ಅಂತ ಹೇಳುತ್ತಾರೆ. ನಮ್ಮನ್ನು ಒಳಗಿನಿಂದ ಆಳುತ್ತಿರುವುದು ಮೇಲೆ ಬರುತ್ತದೆ. ಸಿಟ್ಟು ಬಂದರೆ ಮೊದಲು ಹಸಿವಿನಿಂದ ಅಂದುಕೊಳ್ಳುತ್ತೇವೆ. ಸ್ವಲ್ಪ ಹೊತ್ತಿಗೆ, ಸಿಟ್ಟು ಮೊದಲೇ ಒಳಗಿತ್ತು, ಊಟ ಅದನ್ನು ಮುಚ್ಚಿಟ್ಟಿತ್ತು ಅಂತ ಗೊತ್ತಾಗುತ್ತದೆ. ಇದು ಅನುಭವಕ್ಕೆ ಬಂದವರಿಗೆ ಗೊತ್ತು. ಮಧ್ಯಾಹ್ನದ ಹೊತ್ತಿಗೆ ಯಾರೋ ಒಂದು ಸಾಮಾನ್ಯ ಪ್ರಶ್ನೆ ಕೇಳುತ್ತಾರೆ, ಚುರುಕ್ ಅಂತ ಉತ್ತರ ಬರುತ್ತದೆ. ಆಗ ಉಪವಾಸ ಕೆಟ್ಟಿತು ಅಂದುಕೊಳ್ಳಬೇಡಿ. ಆ ಸಿಟ್ಟನ್ನೇ ದೇವರ ಮುಂದೆ ಇಡಿ, ಉಪವಾಸ ಮಾಡಿದ್ದು ಅದಕ್ಕೇ. ಅಂದ ಹಾಗೆ, ಸಕ್ಕರೆ ಕಾಯಿಲೆ ಇರುವವರು, ಬಸುರಿಯರು, ಹೃದಯದ ತೊಂದರೆ ಇರುವವರು ಊಟ ಬಿಡಬಾರದು ಅಂತ ಅವರೇ ಎಚ್ಚರಿಸುತ್ತಾರೆ. ಅಂಥವರು ಬೇರೆ ಏನನ್ನಾದರೂ ಬಿಡಬಹುದು. ಫೋನ್ ಬಿಟ್ಟರೂ ಸಾಕು, ಇದೇ ಸಿಟ್ಟು ಹೊರಗೆ ಬರುತ್ತದೆ.

ಫಾಸ್ಟರ್ ಒಬ್ಬರನ್ನೇ ಓದಿದರೆ ಅಭ್ಯಾಸ ಅಂದರೆ ನಾನು, ನನ್ನ ಕೋಣೆ, ನನ್ನ ಮೌನ ಅಂತ ಅನ್ನಿಸುವ ಅಪಾಯ ಇದೆ. ಅವರು ಹಾಗೆ ಬರೆದಿಲ್ಲ, ಓದುವ ನಾವು ಹಾಗೆ ಮಾಡಿಕೊಳ್ಳುತ್ತೇವೆ. ಅದಕ್ಕೇ ಪಕ್ಕದಲ್ಲಿ ಡೀಟ್ರಿಚ್ ಬಾನ್‌ಹಾಫರ್ ಇರಬೇಕು.

ಬಾನ್‌ಹಾಫರ್ ಜರ್ಮನಿಯ ಪಾಸ್ಟರ್. ಹಿಟ್ಲರನ ಕಾಲದಲ್ಲಿ ಫಿಂಕೆನ್‌ವಾಲ್ಡೆ ಅನ್ನುವ ಊರಲ್ಲಿ ಯುವ ಪಾಸ್ಟರುಗಳಿಗೆ ಒಂದು ಸೆಮಿನರಿ ನಡೆಸಿದರು. 1937ರಲ್ಲಿ ಗೆಸ್ಟಾಪೋ ಪೊಲೀಸರು ಅದನ್ನು ಮುಚ್ಚಿಸಿದರು. ಅಲ್ಲಿ ಒಟ್ಟಿಗೆ ಬಾಳಿದ ಅನುಭವದಿಂದ ಬಂದದ್ದು 'ಲೈಫ್ ಟುಗೆದರ್', 1939ರಲ್ಲಿ ಪ್ರಕಟವಾಯಿತು. ಚಿಕ್ಕ ಪುಸ್ತಕ, ಒಂದು ವಾಕ್ಯವೂ ಸುಮ್ನೆ ಬಂದಿಲ್ಲ. ಸಭೆ, ಅಂದರೆ ವಿಶ್ವಾಸಿಗಳ ಬಳಗ, ಹೀಗಿರಬೇಕು, ಹಾಗಿರಬೇಕು ಅಂತ ಕನಸು ಕಟ್ಟಿಕೊಂಡು ಆ ಕನಸನ್ನೇ ಪ್ರೀತಿಸುವವನು ಕಡೆಗೆ ಸಭೆಯನ್ನೇ ಹಾಳು ಮಾಡುತ್ತಾನೆ ಅಂತ ಮೊದಲ ಅಧ್ಯಾಯದಲ್ಲೇ ಹೇಳಿಬಿಡುತ್ತಾರೆ. ಎದುರಿಗೆ ಕೂತಿರುವ, ನಮಗೆ ಹಿಡಿಸದ, ಹಾಡುವಾಗ ಶ್ರುತಿ ತಪ್ಪುವ ಅಣ್ಣನನ್ನೇ ದೇವರು ನಮಗೆ ಕೊಟ್ಟಿದ್ದಾನೆ, ಅವನಿಗಾಗಿ ಕೃತಜ್ಞತೆ ಹೇಳಬೇಕು. ಒಬ್ಬನಿಗಾಗಿ ನಿಜವಾಗಿ ಪ್ರಾರ್ಥಿಸುತ್ತಾ ಅವನನ್ನು ದ್ವೇಷಿಸುವುದು ಆಗದ ಮಾತು ಅನ್ನುತ್ತಾರೆ. ಇದನ್ನು ನಾನು ಮಾಡಿ ನೋಡಿದ್ದೇನೆ. ಒಬ್ಬರ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು, ಅವರ ಹೆಸರನ್ನೇ ದಿನದ ಪ್ರಾರ್ಥನೆಯಲ್ಲಿ ಇಟ್ಟುಕೊಂಡೆ. ಮೊದಲಿಗೆ ಬಾಯಲ್ಲಿ ಬರೀ ಹೆಸರು. ಆಮೇಲೆ ಅವರ ಕಷ್ಟ ಏನಿರಬಹುದು ಅಂತ ಯೋಚಿಸುವ ಹಾಗಾಯಿತು. ಕೋಪ ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ.

ಫಿಂಕೆನ್‌ವಾಲ್ಡೆಯ ಇನ್ನೆರಡು ಪದ್ಧತಿ ಹೇಳಲೇಬೇಕು. ವಾರಪೂರ್ತಿ ಸತ್ಯವೇದದ ಒಂದೇ ವಾಕ್ಯಭಾಗದ ಮೇಲೆ ದಿನಕ್ಕೆ ಅರ್ಧ ಗಂಟೆ ಮೌನವಾಗಿ ಧ್ಯಾನ ಮಾಡುವುದು. ಮತ್ತೆ, ಎದುರಿಗೆ ಇಲ್ಲದವರ ಬಗ್ಗೆ ಮಾತಾಡದಿರುವುದು. ಎರಡನೆಯದನ್ನು ಒಂದು ದಿನ ಪಾಲಿಸಿದರೆ ನಮ್ಮ ಮಾತಿನಲ್ಲಿ ಎಷ್ಟು ಕಡಿಮೆಯಾಗುತ್ತದೆ ಅಂತ ಆಶ್ಚರ್ಯವಾಗುತ್ತದೆ.

ಬಾನ್‌ಹಾಫರ್ ಅವರ ಇನ್ನೊಂದು ಪುಸ್ತಕ, ಇಂಗ್ಲಿಷಿನಲ್ಲಿ 'ದಿ ಕಾಸ್ಟ್ ಆಫ್ ಡಿಸೈಪಲ್‌ಶಿಪ್', 1937ರದ್ದು. ಅಗ್ಗದ ಕೃಪೆ ಅನ್ನುವ ಮಾತು ಅಲ್ಲಿಯದೇ. ಪಶ್ಚಾತ್ತಾಪ ಇಲ್ಲದ ಕ್ಷಮೆ, ಶಿಲುಬೆ ಇಲ್ಲದ ಕೃಪೆ. 1945ರ ಏಪ್ರಿಲ್ 9ರಂದು ಫ್ಲೋಸನ್‌ಬರ್ಗ್ ಶಿಬಿರದಲ್ಲಿ ನಾಜಿಗಳು ಅವರನ್ನು ಗಲ್ಲಿಗೇರಿಸಿದರು. ಇದು ಗೊತ್ತಿದ್ದು ಓದುವಾಗ ಒಂದೊಂದು ಸಾಲಿಗೂ ತೂಕ ಬರುತ್ತದೆ.

15ನೇ ಶತಮಾನದ 'ದಿ ಇಮಿಟೇಷನ್ ಆಫ್ ಕ್ರೈಸ್ಟ್' ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಥಾಮಸ್ ಎ ಕೆಂಪಿಸ್ ಅವರು ಮೊದಲ ಪುಟಗಳಲ್ಲೇ, ದೀನತೆ ಇಲ್ಲದೆ ತ್ರಯೇಕ ದೇವರ ಬಗ್ಗೆ ಆಳವಾಗಿ ವಾದ ಮಾಡಿ ಏನು ಪ್ರಯೋಜನ ಅಂತ ಕೇಳುತ್ತಾರೆ. ಪಶ್ಚಾತ್ತಾಪದ ವ್ಯಾಖ್ಯಾನ ಗೊತ್ತಿರುವುದಕ್ಕಿಂತ ಪಶ್ಚಾತ್ತಾಪವೇ ಬರಲಿ ಅನ್ನುತ್ತಾರೆ. ಆದರೆ ಒಂದು ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ. ಜನರ ಮಧ್ಯೆ ಹೋಗಿ ಬಂದಾಗಲೆಲ್ಲ ಮನುಷ್ಯ ಸ್ವಲ್ಪ ಕುಗ್ಗಿ ಬರುತ್ತಾನೆ ಅನ್ನುವ ಧಾಟಿ ಆ ಪುಸ್ತಕದಲ್ಲಿ ಇದೆ. ಮಠದಲ್ಲಿ ಇರುವವರಿಗೆ ಬರೆದದ್ದು, ಸರಿ. ಮನೆ, ಮಕ್ಕಳು, ಕೆಲಸ ಇರುವವರು ಇದನ್ನು ಬಾನ್‌ಹಾಫರ್ ಜೊತೆ ಸೇರಿಸಿ ಓದುವುದು ಒಳ್ಳೆಯದು. ದಿನಕ್ಕೆ ಒಂದು ಪುಟ ಸಾಕು.

ಅಗಸ್ಟಿನ್ ಅವರ 'ಕನ್ಫೆಷನ್ಸ್' ಸುಮಾರು 400ನೇ ಇಸವಿಯ ಹೊತ್ತಿಗೆ ಬರೆದದ್ದು. ಅಷ್ಟು ಹಳೆಯದು ನಮಗೆ ಅರ್ಥವಾಗುತ್ತಾ ಅಂತ ಹಿಂಜರಿಯಬೇಡಿ. ಇಡೀ ಪುಸ್ತಕ ದೇವರಿಗೆ ಹೇಳಿದ ಪ್ರಾರ್ಥನೆ, ಓದುವವರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾರೆ. ಹುಡುಗರ ಗುಂಪಿನ ಜೊತೆ ರಾತ್ರಿ ಪಿಯರ್ ಹಣ್ಣು ಕದ್ದದ್ದನ್ನು ಹೇಳುತ್ತಾರೆ. ಹಸಿವಿರಲಿಲ್ಲ, ಹಣ್ಣುಗಳನ್ನು ಹಂದಿಗಳಿಗೆ ಎಸೆದರು. ಹಾಗಾದರೆ ಯಾಕೆ ಕದ್ದೆ ಅಂತ ಪುಟಗಟ್ಟಲೆ ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಕೆಟ್ಟದ್ದು ಮಾಡುವುದರಲ್ಲೇ ರುಚಿ ಇತ್ತು, ಒಬ್ಬನೇ ಇದ್ದಿದ್ದರೆ ಮಾಡುತ್ತಿರಲಿಲ್ಲ ಅನ್ನುವ ಉತ್ತರಕ್ಕೆ ಬರುತ್ತಾರೆ. ಪಾಪದ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದದ್ದನ್ನು ನಾನು ಓದಿಲ್ಲ. ಮಗನಿಗಾಗಿ ವರ್ಷಾನುಗಟ್ಟಲೆ ಅತ್ತು ಪ್ರಾರ್ಥಿಸಿದ ತಾಯಿ ಮೋನಿಕಾ, 386ರಲ್ಲಿ ಮಿಲಾನಿನ ತೋಟದಲ್ಲಿ ಮಗುವಿನ ದನಿಯಲ್ಲಿ 'ತೆಗೆದುಕೋ, ಓದು' ಅಂತ ಕೇಳಿಸಿದ್ದು, ಆಗ ರೋಮಾಪುರದವರಿಗೆ ಬರೆದ ಪತ್ರ ತೆರೆದದ್ದು, ಇವೆಲ್ಲ ಎಂಟು ಒಂಬತ್ತನೆಯ ಭಾಗಗಳಲ್ಲಿ ಬರುತ್ತವೆ. ಕೊನೆಯ ನಾಲ್ಕು ಭಾಗ ಕಷ್ಟ, ಮೊದಲ ಓದಿನಲ್ಲಿ ಒಂಬತ್ತಕ್ಕೆ ನಿಲ್ಲಿಸಿದರೂ ನಷ್ಟವಿಲ್ಲ.

ಇನ್ನು, ಪ್ರಾರ್ಥನೆ ಒಣಗಿಹೋದಾಗ ಓದಬೇಕಾದವು. 16ನೇ ಶತಮಾನದ ಸ್ಪೇನಿನ ಸನ್ಯಾಸಿನಿ ಆವಿಲಾದ ತೆರೇಸಾ ತಮ್ಮ ಆತ್ಮಕಥೆಯಲ್ಲಿ ಒಂದು ಮಾತು ಹೇಳುತ್ತಾರೆ. ಕೆಲವು ವರ್ಷ ತಮಗೆ ಪ್ರಾರ್ಥನೆಯಲ್ಲಿ ಕೂತರೆ ಆ ಒಂದು ಗಂಟೆ ಯಾವಾಗ ಮುಗಿಯುತ್ತೋ, ಗಂಟೆ ಯಾವಾಗ ಹೊಡೆಯುತ್ತೋ ಅನ್ನುವುದರ ಮೇಲೆಯೇ ಗಮನ ಇರುತ್ತಿತ್ತಂತೆ. ಪ್ರಾರ್ಥನೆ ಬಗ್ಗೆ ಇಡೀ ಸಭೆಗೆ ಕಲಿಸಿದವರು ಅವರು! ಅವರೇ ಹೀಗೆ ಹೇಳುವಾಗ, ಹತ್ತು ನಿಮಿಷ ಕೂರಲಾಗದೆ ಒದ್ದಾಡುವವರಿಗೆ ಎಷ್ಟು ಧೈರ್ಯ ಬರುತ್ತದೆ ನೋಡಿ. ಮನೆಯಲ್ಲಿ ಸಾವಾಗಿದ್ದರೆ ಮಾತ್ರ ತೆರೇಸಾ ಕೊಡಬೇಡಿ. ಆಗ ಸಿ.ಎಸ್. ಲೂಯಿಸ್ ಅವರ 'ಎ ಗ್ರೀಫ್ ಅಬ್ಸರ್ವ್ಡ್'. 1960ರಲ್ಲಿ ಹೆಂಡತಿ ತೀರಿಕೊಂಡ ಮೇಲೆ ಬರೆದ ಟಿಪ್ಪಣಿಗಳು, ಮರುವರ್ಷ ಬೇರೆ ಹೆಸರಿನಲ್ಲಿ ಪ್ರಕಟಿಸಿದರು. ದೇವರ ಬಾಗಿಲು ಮುಖಕ್ಕೆ ಬಡಿದ ಹಾಗೆ ಮುಚ್ಚಿತು, ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು ಅಂತ ಬರೆಯೋಕೆ ಅವರು ಹೆದರಲಿಲ್ಲ. ದುಃಖದಲ್ಲಿ ಇರುವವರಿಗೆ ಉಪದೇಶಕ್ಕಿಂತ ಇಂಥ ಜೊತೆ ಬೇಕು.

ನಂಬಿಕೆಯ ಬುಡದ ಪ್ರಶ್ನೆಗಳೇ ಇರುವವರಿಗೆ ಲೂಯಿಸ್ ಅವರದ್ದೇ 'ಮಿಯರ್ ಕ್ರಿಶ್ಚಿಯಾನಿಟಿ' ಸಾಕು. ಯುದ್ಧದ ಕಾಲದ ರೇಡಿಯೋ ಭಾಷಣಗಳಿಂದ ಆದ ಪುಸ್ತಕ, ಅದಕ್ಕೇ ಓದಿದರೆ ಎದುರು ಕೂತು ಮಾತಾಡಿದ ಹಾಗಿದೆ. ಎ.ಡಬ್ಲ್ಯೂ. ಟೋಜರ್ ಅವರ 'ದಿ ಪರ್ಸ್ಯೂಟ್ ಆಫ್ ಗಾಡ್' ಕೂಡ ಹೇಳಬೇಕು. ಪ್ರತಿ ಅಧ್ಯಾಯದ ಕೊನೆಗೆ ಒಂದು ಪ್ರಾರ್ಥನೆ ಇದೆ. ಅದನ್ನು ಕಣ್ಣಲ್ಲಿ ಓದಿ ಪುಟ ತಿರುಗಿಸಬೇಡಿ, ಬಾಯಿಬಿಟ್ಟು ಹೇಳಿ.

ಓದುವ ರೀತಿ ಬಗ್ಗೆ ಒಂದು ಮಾತು. 12ನೇ ಶತಮಾನದ ಸನ್ಯಾಸಿ ಎರಡನೇ ಗೀಗೋ ಸತ್ಯವೇದ ಓದುವುದಕ್ಕೆ ನಾಲ್ಕು ಮೆಟ್ಟಿಲು ಹೇಳಿದ್ದಾರೆ. ಓದು, ಮನನ, ಪ್ರಾರ್ಥನೆ, ಆಮೇಲೆ ದೇವರ ಸನ್ನಿಧಿಯಲ್ಲಿ ಸುಮ್ಮನೆ ಇರುವುದು. ಓದು ತುತ್ತನ್ನು ಬಾಯಿಗೆ ಇಡುತ್ತದೆ, ಮನನ ಅದನ್ನು ಅಗಿಯುತ್ತದೆ ಅನ್ನುತ್ತಾರೆ. ಈ ಪುಸ್ತಕಗಳನ್ನೂ ಹಾಗೇ ಓದಿ. ಒಂದು ಪ್ಯಾರಾ ಹಿಡಿದು ನಿಲ್ಲಿಸಿದರೆ ಮುಂದೆ ಹೋಗಬೇಡಿ. ಆ ದಿನದ ಓದು ಅಲ್ಲಿಗೆ ಮುಗಿಯಿತು. ಮುಂದಿನ ಅಧ್ಯಾಯ ನಾಳೆಗೂ ಇರುತ್ತದೆ. ಮತ್ತೆ, ಸತ್ಯವೇದಕ್ಕೆ ಇಟ್ಟ ಸಮಯವನ್ನು ಯಾವ ಪುಸ್ತಕಕ್ಕೂ ಕೊಡಬೇಡಿ, ಮೇಲೆ ಹೇಳಿದ ಯಾರೂ ಅದನ್ನು ಒಪ್ಪುತ್ತಿರಲಿಲ್ಲ.

ಒಬ್ಬರೇ ಓದುವುದಾದರೆ ಲಾರೆನ್ಸ್ ಅವರಿಂದ ಶುರು ಮಾಡಿ, ಆಮೇಲೆ ಫಾಸ್ಟರ್. ಮೂರು ನಾಲ್ಕು ಜನ ಸೇರಿ ಓದುವುದಾದರೆ 'ಲೈಫ್ ಟುಗೆದರ್' ತೆಗೆದುಕೊಳ್ಳಿ. ಐದೇ ಅಧ್ಯಾಯ, ವಾರಕ್ಕೆ ಒಂದು. ಮನೆಯಲ್ಲಿ ಓದಿಕೊಂಡು ಬಂದು ಚರ್ಚೆ ಮಾಡುವುದಕ್ಕಿಂತ ಅಲ್ಲೇ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳಿದರೆ ಚೆನ್ನಾಗಿರುತ್ತದೆ. ಕೊನೆಯ ಅಧ್ಯಾಯ ಪಾಪದ ಅರಿಕೆ ಬಗ್ಗೆ. ಪಾಪದ ಜೊತೆ ಒಬ್ಬನೇ ಉಳಿದವನು ಪೂರ್ತಿ ಒಬ್ಬಂಟಿ ಅಂತ ಅಲ್ಲಿ ಹೇಳುತ್ತಾರೆ. ಆ ವಾರ ಸ್ವಲ್ಪ ಜಾಸ್ತಿ ಸಮಯ ಇಟ್ಟುಕೊಳ್ಳಿ, ಓದಿ ಮುಗಿದ ಮೇಲೆ ಯಾರಿಗಾದರೂ ಮಾತಾಡಬೇಕು ಅನ್ನಿಸಬಹುದು.